ಐದನೇ ತಂತಿ ಮತ್ತು ನೀರಿನ ಮೋಟರ್

ವರ್ಷಗಟ್ಟಲೆ ಆಸೆಪಟ್ಟು ಕೊಂಡ ದುಬಾರಿ ಬಾಸ್ ಗಿಟಾರಿನ ಐದನೇ ತಂತಿಯನ್ನು, ಎಲ್ಲಕ್ಕಿಂತ ದಪ್ಪನೆಯದನ್ನು, ಮೊದಲ ಸಲ ಮೀಟಿದೆ. ಕುಕ್ ಟೌನಿನ ನನ್ನ ಬಾಡಿಗೆ ಮನೆಯ ನೆಲದ ಜೊತೆ ಎದೆಯೂ ಗುಂಯ್ ಎಂದಿತು. ಅದನ್ನೇ ಮತ್ತೆ ಮತ್ತೆ ಮೀಟುತ್ತಿದ್ದಾಗ ಯಾರೋ ಬಾಗಿಲು ದಬದಬ ಬಡಿದರು. ತೆರೆದರೆ, ಕೆಳಗಿನ ಮನೆಯ ಓನರ್ ಜೈಬುನ್ ಆಂಟಿ ಏದುಸಿರು ಬಿಡುತ್ತ ನಿಂತಿದ್ದರು.

"ಅರೇ ಬೇಟಾ, ಮೋಟರ್ ಆಫ್ ಮಾಡು, ಟ್ಯಾಂಕ್ ತುಂಬಿ ನೀರೆಲ್ಲಾ ಪೋಲಾಗ್ತಾ ಇದೆ."

ನಗು ತಡೆದುಕೊಂಡು ಅದೇ ತಂತಿಯನ್ನು ಇನ್ನೊಮ್ಮೆ ಮೀಟಿ ತೋರಿಸಿದೆ. ಆಂಟಿ ಗಿಟಾರಿನ ಮರದ ಮೇಲೆ ಅಂಗೈ ಇಟ್ಟು ಕಣ್ಣರಳಿಸಿದರು. "ಮೋಟರ್‌ಗಿಂತ ಇದೇ ಚೆನ್ನಾಗಿದೆ. ದಿನಾ ಬಾರಿಸು" ಎಂದರು.

ಅದಾದ ಕೆಲವು ದಿನಗಳ ಮೇಲೆ, ನಿನ್ನೆ ಆಫೀಸಿನಿಂದ ಬಂದಾಗ ಟ್ಯಾಂಕ್ ತುಂಬಿ, ನೀರು ಗೇಟಿನವರೆಗೆ ಹರಿದಿತ್ತು. ಮೋಟರ್ ಹಾಕಿದ್ದನ್ನು ಮರೆತ ಆಂಟಿ ವರಾಂಡದಲ್ಲಿ ಕೂತು, ಅದರ ಸದ್ದನ್ನೇ ನನ್ನ ಗಿಟಾರೆಂದುಕೊಂಡು ತಲೆದೂಗುತ್ತಿದ್ದರು.