ಬೀಗರೆದುರು ಹೇಳದ ಮಾತು

ಹೋದ ವಾರ ಹಾನಗಲ್ಲಿನ ಬೀಗರಿಗೆ, ಅಂದರೆ ನನ್ನ ಮಗಳ ಮಾವನಿಗೆ, ನಾನೇ ಫೋನ್ ಮಾಡಿದೆ. ಕ್ಷೇಮ ಸಮಾಚಾರ ಕೂಡ ಕೇಳಲಿಲ್ಲ.

‘ಕೂಸು ಕಕ್ಕಾ ಮಾಡೈತ್ರಿ’ ಎಂದೆ.

‘ಯಾವ ಕಡಿಂದ್ರಿ, ಅಕ್ಕಾರ?’ ಎಂದರು ಅವರು.

‘ಎಲ್ಲಾರಂಗ’ ಎಂದೆ. (ಅವರು ಮೂಗು ಏರಿಸಿದ್ದು ಕೇಳಿಸಿತು.)

ಗಂಡಸರೆದುರು ದನಿ ಏರಿಸದ ನಾನು ಹೀಗೆ ಮಾತಾಡಿದ್ದೇಕೆ? ‘ಪುಟ್ಟಿ ಹೊಟ್ಟಿಗೆ ಚೀಲ ಯಾಕ ಕಟ್ಟಿದ್ರು, ಆಯೀ?’ ಎಂದು ಕೇಳುತ್ತಲೇ ಇದ್ದಿರಲ್ಲ ಮೊಮ್ಮಕ್ಕಳೇ, ಅದಕ್ಕೂ ಈ ಕಥೆಯೇ ಉತ್ತರ.

ಆ ಕೂಸೇ ಪುಟ್ಟಿ, ನನ್ನ ಮಗಳ ಮಗಳು; ಹುಟ್ಟಿದ್ದು ನನ್ನೂರು ಸವಣೂರಿನಲ್ಲಿ. ಮಾರನೆಯ ಬೆಳಿಗ್ಗೆ ಬೀಗರು ಬಳಗದೊಂದಿಗೆ ಆಸ್ಪತ್ರೆಗೆ ಬಂದರು, ಪೇಡೆ ಹಿಡಿದು. ಕೂಸಿನ ಬಣ್ಣ, ಮೂಗು, ಇಡಬೇಕಾದ ಹೆಸರು, ಎಲ್ಲದರ ಮಾತೂ ಆಯಿತು. ಅಷ್ಟರಲ್ಲಿ ನರ್ಸ್ ಬಂದಳು.

‘ಆಯಿ, ಕೂಸು ಕಕ್ಕಾ ಮಾಡೈತೇನ್ರಿ? ಕರ್ರಗ ಬಂದಿರತೈತಿ ನೋಡ್ರಿ.’

ಮಾಡಿರಲಿಲ್ಲ. ಬಟ್ಟೆ ಬದಲಿಸುತ್ತಿದ್ದವಳು ನಾನೊಬ್ಬಳೇ, ನನಗೆ ಗೊತ್ತಿತ್ತು. ಆದರೆ ಬೀಗರ ಬಾಯಲ್ಲಿ ಪೇಡೆ ಇರುವಾಗ ಆ ವಿವರ ಹೇಗೆ ಹೇಳುವುದು? ಸೆರಗು ಎಳೆದುಕೊಂಡು ‘ಹೂಂ’ ಎಂದೆ. ನರ್ಸ್ ಬರೆದುಕೊಂಡು ಹೋದಳು. ಸಂಜೆಯೊಳಗೆ ಮಾಡೀತು, ಅದರಲ್ಲೇನು ಎಂದುಕೊಂಡೆ.

ಮಧ್ಯಾಹ್ನಕ್ಕೆ ಪುಟ್ಟಿಯ ಹೊಟ್ಟೆ ಊದಿ ಬಿಗಿಯಾಯಿತು. ಕುಡಿದ ಹಾಲು ಹಸಿರಾಗಿ ಹೊರಬಂತು. ಡಾಕ್ಟರ್ ಚೀಟಿ ನೋಡಿ, ‘ಕಕ್ಕಾ ಆಗೈತಿ ಅಂತ ಬರದಾರಲ್ಲ’ ಎನ್ನುತ್ತಾ ಬೇರೆ ಕಾರಣ ಹುಡುಕತೊಡಗಿದರು. ಬೀಗರು ಅಲ್ಲೇ ನಿಂತಿದ್ದರು.

‘ಆಗಿಲ್ರಿ’ ಎಂದೆ. ‘ನಾ ಸುಳ್ಳ ಹೇಳೇನಿ.’

ಮಗಳು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಡಾಕ್ಟರ್ ಬೈಯಲಿಲ್ಲ. ತೆಳ್ಳನೆಯ ನಳಿಕೆ ತರಿಸಿದರು. ಹೊರಗಿನಿಂದ ದ್ವಾರ ಸರಿಯಾಗೇ ಕಾಣುತ್ತಿತ್ತು, ಆದರೆ ನಳಿಕೆ ಸ್ವಲ್ಪ ಹೋಗಿ ನಿಂತುಬಿಟ್ಟಿತು. ಕರುಳಿನ ಕೊನೆ ಹುಟ್ಟುವ ಮೊದಲೇ ಒಳಗೆ ಮುಚ್ಚಿಕೊಂಡಿತ್ತು. ಬಹಳ ಅಪರೂಪವಂತೆ.

ಆಂಬುಲೆನ್ಸ್‌ನಲ್ಲಿ ಹುಬ್ಬಳ್ಳಿಗೆ ಓಡಿದೆವು. ಎಕ್ಸ್‌ರೇ ತೆಗೆದು, ಮೊದಲು ಹೊಟ್ಟೆಯ ಮೇಲೆ ಕರುಳಿಗೊಂದು ಬಾಯಿ ಮಾಡಿ ಚೀಲ ಕಟ್ಟಿದರು. ಕೆಲವು ತಿಂಗಳ ಮೇಲೆ ಒಳಗಿನ ದಾರಿ ತೆರೆದರು. ಅದು ಮಾಯ್ದ ಮೇಲೆ, ಈಗ, ಹೊಟ್ಟೆಯ ಮೇಲಿನದನ್ನು ಮುಚ್ಚಿದ್ದಾರೆ. ನಾನು ಫೋನ್ ಮಾಡಿದ್ದು ಅದಕ್ಕೇ.

‘ಇನ್ನೊಂದು ದಿನ ತಡ ಆಗಿದ್ರ ಕರುಳು ಒಡೀತಿತ್ರಿ’ ಎಂದು ಹುಬ್ಬಳ್ಳಿಯ ಡಾಕ್ಟರಮ್ಮ ಅಂದೇ ಹೇಳಿದ್ದರು. ನನ್ನ ‘ಹೂಂ’ ಅರ್ಧ ದಿನ ತಿಂದಿತ್ತು.

ಬೀಗರು ಆ ಬಗ್ಗೆ ಮಾತಾಡಿದ್ದು ಒಂದೇ ಸಲ: ‘ನನಗ ಅಂಜಿದ್ರೇನ್ರಿ, ಅಕ್ಕಾರ? ನಾನೂ ದಿನಾ ಮುಂಜಾನಿ ಚರಗಿ ಹಿಡಕೊಂಡ ಬಯಲಕಡಿಗೆ ಹೋಗಾಂವನ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನೀರು ಕಾಯಿಸಿ ಪುಟ್ಟಿಗೆ ಎರೆಯುವಾಗ ಹೊಟ್ಟೆಯ ಮೇಲಿನ ಹೊಲಿಗೆಯ ಗೆರೆಗೆ ಕೈ ತಾಕುತ್ತದೆ.

ಉಳಿಸಿಕೊಳ್ಳಲು ಹೊರಟದ್ದು ನನ್ನ ಮರ್ಯಾದೆ. ಊದಿದ್ದು ಯಾರ ಹೊಟ್ಟೆ?