ಗಂಡನಿಗೆ ಒಂದು ಕಾಯಿಲೆ, ಹೆಂಡತಿಗೆ ಇನ್ನೊಂದು

ಗೆಳೆಯರೇ, ಎಂಬತ್ತರ ದಶಕದ ಮಾತಾದರೂ ಇವತ್ತು ಬೆಳಿಗ್ಗೆ ನಡೆದಂತೆ ಸಿಟ್ಟು ಬರುತ್ತದೆ. ನಾನು ಆಗ ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ಡಾಕ್ಟರು ಹೇಳಿದ್ದನ್ನು ಕೇಸ್ ಶೀಟಿಗೆ ಬರೆಯುವುದೂ ನನ್ನದೇ ಕೆಲಸ.

ತ್ಯಾಗರಾಜನಗರದಿಂದ ಗಂಡ ಹೆಂಡತಿ ಬಂದರು. ಆತ ಆಫೀಸರ್, ಆಕೆ ಸ್ಕೂಲ್ ಟೀಚರ್. ಆತ ಟೂರಿನಲ್ಲಿ ಹತ್ತಿಸಿಕೊಂಡು ಬಂದ ಗೊನೋರಿಯಾ ಎಂಬ ಲೈಂಗಿಕ ರೋಗ ಆಕೆಗೂ ಅಂಟಿತ್ತು. ಡಾಕ್ಟರು ನನಗೆ ಹೇಳಿದರು: "ಸಾರ್‌ದು ಯೂರಿನ್ ಇನ್ಫೆಕ್ಷನ್ ಅಂತ ಬರಿಯಮ್ಮ. ಮೇಡಂದು ಗೊನೋರಿಯಾ."

ಆಕೆ ಕೇಳಿದರು: "ಇಬ್ರಿಗೂ ಒಂದೇ ಇಂಜೆಕ್ಷನ್ ಕೊಡ್ತೀರಿ. ಕಾಯಿಲೆ ಹೆಸರು ಮಾತ್ರ ಯಾಕೆ ಬೇರೆ ಡಾಕ್ಟ್ರೇ?"

"ಈ ಶೀಟಿನ ಪ್ರಕಾರಾನೇ ಅವ್ರು ರಜೆಗೆ ಆಫೀಸಿಗೆ ಸರ್ಟಿಫಿಕೇಟ್ ಕೊಡ್ಬೇಕಮ್ಮ. ಮರ್ಯಾದೆ ಪ್ರಶ್ನೆ."

"ನಾನೂ ಸ್ಕೂಲಿಗೆ ಕೊಡ್ಬೇಕು. ಇದು ಇವ್ರಿಂದಾನೇ ನಂಗೆ ಬಂದಿದ್ದು. ಮೊದ್ಲು ಇವ್ರದನ್ನ ಸರಿಯಾಗಿ ಬರೀರಿ, ಆಮೇಲೆ ನಂಗೆ ಸೂಜಿ ಚುಚ್ಚಿ."

ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು. ನಾನು ಧೈರ್ಯ ಮಾಡಿ ಇಬ್ಬರ ಶೀಟಿನಲ್ಲೂ ಗೊನೋರಿಯಾ ಎಂದು ಬರೆದೆ. ಡಾಕ್ಟರು ಎರಡನ್ನೂ ಕಿತ್ತುಕೊಂಡು, ಆ ಹೆಸರನ್ನು ಹೊಡೆದುಹಾಕಿ, ಇಬ್ಬರಿಗೂ ಯೂರಿನ್ ಇನ್ಫೆಕ್ಷನ್ ಎಂದು ಗೀಚಿದರು. "ಸಮಾಧಾನ ಆಯ್ತೇನಮ್ಮ?"

"ಸುಳ್ಳಲ್ಲಿ ಸಮಪಾಲು ಕೊಟ್ರಿ, ಸಂತೋಷ" ಎಂದ ಆಕೆ ಇಂಜೆಕ್ಷನ್ ತೆಗೆದುಕೊಂಡು, ಗಂಡನ ಸ್ಕೂಟರ್ ಹತ್ತದೆ ಬಸ್ ಸ್ಟಾಪಿನ ಕಡೆ ನಡೆದರು.

ನಮ್ಮ ನರ್ಸಿಂಗ್ ಹೋಮಿನ ದಾಖಲೆ ನಂಬುವುದಾದರೆ ಜಯನಗರ, ತ್ಯಾಗರಾಜನಗರದ ಗಂಡಸರೆಲ್ಲ ಏಕಪತ್ನೀವ್ರತಸ್ಥರೇ. ಪಾಪ, ನೀರು ಕುಡಿಯುವುದು ಮಾತ್ರ ಸ್ವಲ್ಪ ಕಡಿಮೆ.