ನನ್ನ ಓಟು ಕೇಳದವರು

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಮ್ಮ ಮನೆಯವರೂ ನಾನೂ ಇಬ್ಬರೂ ರೋಣ ತಾಲ್ಲೂಕಿನ ಬೇರೆ ಬೇರೆ ಸಾಲಿಗಳಲ್ಲಿ ಕಲಿಸುತ್ತಿದ್ದೆವು. ಆ ವರ್ಷ ಅವರು ಮಾಸ್ತರಗಳ ಸಂಘದ ಅಧ್ಯಕ್ಷಗಿರಿಗೆ ನಿಂತರು. ಎದುರಿಗೆ ನಿಂತವರು ಗಜೇಂದ್ರಗಡದ ಉರ್ದು ಸಾಲಿಯ ಮಾಸ್ತರು. ನೇಕಾರ ಮನೆತನದ ಮೆತ್ತಗಿನ ಮನುಷ್ಯ.

ನಮ್ಮವರು ಅಬ್ಬಿಗೇರಿ, ಅಸೂಟಿ ಅಂತ ಗಾಡಿ ಮೇಲೆ ಒಂದೇ ಸಮನೆ ತಿರುಗಿದರು. ಸಂಜೆಯಾದರೆ ಮನೆ ತುಂಬ ಮಂದಿ. "ಏ, ಚಾ ತಾ" ಅನ್ನುವುದು ಬಿಟ್ಟರೆ ನನ್ನ ಕೂಡ ಬೇರೆ ಮಾತೇ ಇಲ್ಲ. ಮತದಾರರ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಪೆನ್ನಿನಿಂದ 'ಖಾತ್ರಿ' ಅಂತ ಬರೆದದ್ದನ್ನು ಚಹಾದ ಕಪ್ಪು ಇಡುವಾಗ ನೋಡಿದೆ.

ಒಂದು ದಿನ ಉರ್ದು ಮಾಸ್ತರು ಪ್ರಚಾರಕ್ಕೆಂದು ನಮ್ಮ ಸಾಲಿಗೇ ಬಂದರು. ನನ್ನನ್ನು ಕಂಡು ಹಾಗೇ ಹೊರಟು ಹೋದಾರು ಅಂದುಕೊಂಡೆ. ಅವರು ನೆಟ್ಟಗೆ ಬಂದು ಕೈ ಮುಗಿದರು.

"ಬಾಯಾರ, ನಿಮ್ಮ ಓಟು ಕೇಳೂದು ಅತಿ ಆತು, ಖರೇ. ಆದ್ರ ಮೇಂಬರ್ ಇದ್ದವರನ್ನ ಕೇಳದ ಹೋಗೂದು ಹ್ಯಾಂಗ? ಹೆಣ್ಣಮಕ್ಕಳಿಗೆ ಸಂಘದಿಂದ ಏನಾಗಬೇಕ್ರಿ?"

ನೌಕರಿ ಸೇರಿದಾಗಿನಿಂದ ಯಾರೂ ಇದನ್ನು ಕೇಳಿರಲಿಲ್ಲ.

"ಸಂಘದ ಕಟ್ಟಡದಾಗ ನಮಗೊಂದು ಪಾಯಖಾನಿ ಇಲ್ರಿ. ಮೀಟಿಂಗ್ ಇದ್ದ ದಿನ ಮುಂಜಾನಿಂದ ನಾವು ನೀರ ಕುಡಿಯಂಗಿಲ್ಲ."

ಅವರು ಕಿಸೆಯಿಂದ ಚೀಟಿ ತೆಗೆದು ಬರೆದುಕೊಂಡರು.

ಮತದಾನದ ದಿನ ಓಟಿನ ಸಿಕ್ಕೆಯನ್ನು ಮಸಿಗೆ ಅದ್ದಿದೆ. ನಮ್ಮವರ ಛತ್ರಿ ಚಿಹ್ನೆಯನ್ನು ಒಂದು ಸಲ ನೋಡಿದೆ, ಅದರ ಕೆಳಗಿದ್ದ ಉರ್ದು ಮಾಸ್ತರ ಹೆಸರಿಗೆ ಒತ್ತಿದೆ. ಹೊರಗೆ ಬೇವಿನ ಗಿಡದ ಕೆಳಗೆ ನಮ್ಮವರು ಕಾಯುತ್ತ ನಿಂತಿದ್ದರು.

"ಬರೋಬ್ಬರಿ ಒತ್ತಿದೆಲ್ಲ?"

"ಭಾಳ ಜೋರ್ ಒತ್ತೀನ್ರಿ."

ನಮ್ಮವರು ಒಂದು ಓಟಿನಿಂದ ಸೋತರು. ಮತ್ತೆ ಎಣಿಸಿದರೂ ಅಷ್ಟೇ. ನನ್ನದೊಂದು ಈ ಕಡೆ ಬಿದ್ದಿದ್ದರೆ ಗೆಲ್ಲುವವರು ಇವರೇ!

ಮರುದಿನ ನಮ್ಮ ಪಡಸಾಲೆಯಲ್ಲಿ ಸೋಲಿನ ವಿಚಾರಣೆ. "ಅಬ್ಬಿಗೇರಿಯವರು ಕೈ ಕೊಟ್ರು" ಅಂದರೊಬ್ಬರು. "ಮಳಿ ಇಲ್ಲದ ಸೀಮ್ಯಾಗ ಛತ್ರಿ ಯಾಕ ತಗೊಂಡ್ರಿ?" ಅಂದರು ಇನ್ನೊಬ್ಬರು. ನರಗುಂದದಿಂದ ಬಂದ ನಮ್ಮ ಮಾವನವರಂತೂ ಅರ್ಜಿ ಕೊಟ್ಟ ಗಳಿಗೆಯೇ ಸರಿ ಇರಲಿಲ್ಲ ಅಂತ ತೀರ್ಪು ಕೊಟ್ಟರು. ನಾನು ಎಲ್ಲರಿಗೂ "ಇರಬಹುದ್ರಿ" ಅನ್ನುತ್ತ ಚಹಾ ಕೊಟ್ಟೆ.

ವರ್ಷದೊಳಗೆ ಉರ್ದು ಮಾಸ್ತರು ಪಾಯಖಾನೆ ಕಟ್ಟಿಸಿದರು. ಅಂದು ಶಿಕ್ಷಕಿ ಬಾಯಾರೆಲ್ಲ ಸೇರಿ ಪೇಡೆ ಹಂಚಿದೆವು. ಆ ಪೇಡೆ ಮನೆಗೆ ತಂದಾಗ ತಡೆಯಲಾರದೆ ಹೇಳಿಬಿಟ್ಟೆ. ಅವರು ಬಾಯಲ್ಲಿದ್ದದ್ದನ್ನು ನುಂಗದೆ ಕುಳಿತರು.

"ನೀನಽ? ನಮ್ಮ ಮನಿಯಾಕಿ?"

"ನೀವು ಊರೆಲ್ಲ ಕೇಳಿದ್ರಿ. ನನ್ನ ಕೇಳಲೇ ಇಲ್ಲಲ್ಲ."

ಅವರು ಕಡೆಗೂ ಪೇಡೆ ನುಂಗಿದರು. ಆಮೇಲೆ, "ಇದನ್ನ ಯಾರ ಮುಂದೂ ಹೇಳಬ್ಯಾಡ. ಅಪ್ಪಗಂತೂ ಬ್ಯಾಡೇ ಬ್ಯಾಡ" ಅಂದರು. ಎರಡು ದಿನ ಸಿಟ್ಟಿನಲ್ಲಿದ್ದು, ಮೂರನೆಯ ದಿನ ತಾವೇ ನಕ್ಕರು.

ಮುಂದಿನ ಚುನಾವಣೆಗೆ ನಮ್ಮವರು ನಿಲ್ಲಲಿಲ್ಲ. ಬಾಯಾರೆಲ್ಲ ಒತ್ತಾಯ ಮಾಡಿದರೆಂದು ಅಧ್ಯಕ್ಷಗಿರಿಗೆ ನಾನೇ ನಿಂತೆ. ಮೊದಲು ಕೈ ಮುಗಿದದ್ದು ಅವರಿಗೇ, ರೊಟ್ಟಿ ಬಡಿಸುವಾಗ.

"ವಿಚಾರ ಮಾಡ್ತೀನಿ" ಅಂದರು, ರೊಟ್ಟಿ ಮುರಿಯುತ್ತ.

ಚಲೋ ಅಂತರದಿಂದ ಗೆದ್ದೆ. ಅವರು ಯಾರಿಗೆ ಒತ್ತಿದರೋ, ಇಂದಿಗೂ ಬಾಯಿ ಬಿಟ್ಟಿಲ್ಲ.